ಖಾರದ ಪಿಜ್ಜಾ ಮೇಲೆ ಅಂಜೂರವೋ ಮಾವೋ ಬಾಳೆಯೋ? ಓಟಿಜಿಯೋ ಹಂಚೋ?

ಸಿಹಿ-ಖಾರ ಎರಡೂ ಸೇರಿದ ಪಿಜ್ಜಾ ಮನೆಯಲ್ಲಿ ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ: ಹಣ್ಣಿನ ನೀರು, ಹಣ್ಣಿನ ಸಕ್ಕರೆ. ನೀರು ಬಿಟ್ಟರೆ ನಡುಭಾಗ ಹಸಿಯಾಗಿಯೇ ಉಳಿಯುತ್ತದೆ. ಸಕ್ಕರೆ ಜಾಸ್ತಿಯಿದ್ದರೆ ತಳ ಬೇಯುವ ಮೊದಲೇ ಮೇಲೆ ಕರಕಲು. ಹಾಗಾಗಿ ಹಣ್ಣು ಆರಿಸುವಾಗಲೇ ಒಲೆಯನ್ನೂ ಆರಿಸಬೇಕು. ಬಳ್ಳಾರಿ, ಕೊಪ್ಪಳ, ರಾಯಚೂರು ಸಂತೆಗಳಲ್ಲಿ ಸಿಗುವ ಹಣ್ಣುಗಳನ್ನೇ ತಂದು, ಒಂದೇ ಹಿಟ್ಟು, ಒಂದೇ ಅಳತೆಯ ಚೀಸ್ ಇಟ್ಟುಕೊಂಡು ಓಟಿಜಿ (ಓವನ್-ಟೋಸ್ಟರ್-ಗ್ರಿಲ್ಲರ್, ಕರೆಂಟಿನ ಪುಟ್ಟ ಓವನ್), ಕಬ್ಬಿಣದ ಹಂಚು, ಉಪ್ಪು ಹಾಸಿದ ಕಡಾಯಿ ಮೂರರಲ್ಲೂ ಮಾಡಿ ನೋಡಿದಾಗ ಸಿಕ್ಕ ಫಲ ಇಲ್ಲಿದೆ.

ಹಿಟ್ಟು

ಒಂಬತ್ತು ಇಂಚಿನ ಎರಡು ಪಿಜ್ಜಾಕ್ಕೆ 250 ಗ್ರಾಂ ಮೈದಾ, 150 ಮಿ.ಲೀ. ನೀರು, 5 ಗ್ರಾಂ ಉಪ್ಪು, ಕಾಲು ಟೀ ಚಮಚ ಇನ್‌ಸ್ಟಂಟ್ ಯೀಸ್ಟ್, ಎರಡು ಟೀ ಚಮಚ ಶೇಂಗಾ ಎಣ್ಣೆ. ಹೊರಗಿನ ರೆಸಿಪಿಗಳಲ್ಲಿ ಬರೆದಿರುವ ಒಂದು ಚಮಚ ಯೀಸ್ಟ್ ಮತ್ತು ಬೆಚ್ಚಗಿನ ನೀರು ನಮ್ಮ ಬೇಸಿಗೆಗೆ ಹೊಂದುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ರಾಯಚೂರಿನ ಅಡುಗೆಮನೆಯೇ ಬಿಸಿ ಪೆಟ್ಟಿಗೆ, ಅಲ್ಲಿ ಹಿಟ್ಟು ಕಣ್ಣೆದುರೇ ಉಕ್ಕುತ್ತದೆ. ಫ್ರಿಜ್ ನೀರಲ್ಲೇ ಕಲಸಿ, ಹತ್ತು ನಿಮಿಷ ನಾದಿ, ಎರಡರಷ್ಟು ಆದ ಕೂಡಲೇ ತೆಗೆದುಬಿಡಬೇಕು. ಬೇಸಿಗೆಯಲ್ಲಿ ಇದಕ್ಕೆ ಒಂದು, ಒಂದೂವರೆ ತಾಸು ಸಾಕು. ಅತಿಯಾಗಿ ಉಬ್ಬಿದ ಹಿಟ್ಟನ್ನು ಗುರುತಿಸುವುದು ಸುಲಭ: ಹುಳಿ ವಾಸನೆ ಬರುತ್ತದೆ, ಕೈಗೆ ಅಂಟುತ್ತದೆ, ಹಿಗ್ಗಿಸಿದರೆ ಹರಿಯುತ್ತದೆ. ಒಳಗಿನ ಸಕ್ಕರೆಯನ್ನು ಯೀಸ್ಟ್ ತಿಂದು ಮುಗಿಸಿರುವುದರಿಂದ ಎಷ್ಟು ಬೇಯಿಸಿದರೂ ಅಂಚು ಬಿಳಿಚಿಕೊಂಡೇ ಇರುತ್ತದೆ. ಪುರುಸೊತ್ತಿದ್ದರೆ ಕಲಸಿದ ಹಿಟ್ಟನ್ನು ಫ್ರಿಜ್‌ನಲ್ಲಿ ಒಂದು ರಾತ್ರಿ ಇಡಿ. ರುಚಿಯೂ ಮೇಲು, ಸೆಕೆಯ ಕಾಟವೂ ಇಲ್ಲ.

ಜೋಳದ ಹಿಟ್ಟು ಬೆರೆಸಬಹುದು, ಆದರೆ 250 ಗ್ರಾಂನಲ್ಲಿ 50 ಗ್ರಾಂ ಮೀರಬಾರದು. ಜೋಳಕ್ಕೆ ಜಿಗುಟಿಲ್ಲ, ಹೆಚ್ಚಾದರೆ ಉಬ್ಬುವುದೂ ಇಲ್ಲ, ಹಿಗ್ಗುವುದೂ ಇಲ್ಲ. ಖಡಕ್ ರೊಟ್ಟಿಯನ್ನೇ ತಳ ಮಾಡಿಕೊಳ್ಳುವುದು ಚೆನ್ನಾಗಿದೆ, ಒಂದು ಷರತ್ತು: ಸಾಸ್ ಹಾಕುವಂತಿಲ್ಲ, ಚೀಸ್ ಕರಗಿದ ಕೂಡಲೇ ತಿನ್ನಬೇಕು. ಬೇಕರಿಯ ಸಿದ್ಧ ಬೇಸ್ ಮೊದಲೇ ಬೆಂದಿರುತ್ತದೆ. ಎರಡನೇ ಸಲ ಕಾಯಿಸಿದಾಗ ಒಣಗಿ ಟೋಸ್ಟ್ ಆಗುತ್ತದೆ. ತೀರಾ ಅವಸರವಿದ್ದರೆ ಮಾತ್ರ ಅದು.

ಮೂರು ಒಲೆ

ಓಟಿಜಿಯಲ್ಲಿ ತಪ್ಪಾಗುವುದು ಬಹುತೇಕ ಪ್ರೀಹೀಟ್‌ನಲ್ಲಿ. ದೀಪ ಆರಿತು ಅಂದರೆ ಗಾಳಿ ಕಾದಿದೆ ಅಂತ ಅಷ್ಟೇ, ತಟ್ಟೆ ಇನ್ನೂ ಕಾದಿರುವುದಿಲ್ಲ. ಕೆಳಗಿನ ಸಾಲಿನಲ್ಲಿ ಕಬ್ಬಿಣದ ತವಾವನ್ನು ಬೋರಲು ಇಟ್ಟು, ಎರಡೂ ರಾಡ್ ಹಾಕಿ, 250 ಡಿಗ್ರಿಯಲ್ಲಿ 25 ನಿಮಿಷ ಕಾಯಿಸಿ. ಆಮೇಲೆ ಪಿಜ್ಜಾವನ್ನು ಬಟರ್ ಪೇಪರ್ ಸಮೇತ ಅದರ ಮೇಲೆ ಜಾರಿಸಿದರೆ 8ರಿಂದ 10 ನಿಮಿಷದಲ್ಲಿ ತಳ ಗರಿಗರಿ, ಮೇಲೆ ಕಂದು ಚುಕ್ಕೆ. ಪೇಪರ್ ಅಷ್ಟು ಕಾವು ತಡೆಯುವುದೇ ಎಂದು ಡಬ್ಬಿಯ ಮೇಲೆ ಓದಿಕೊಳ್ಳಿ, ಅಂಚು ರಾಡ್‌ಗೆ ತಾಗದಂತೆ ಕತ್ತರಿಸಿ. 1500 ವಾಟ್‌ನ ಓಟಿಜಿಗೆ ಇಡೀ ಕೆಲಸಕ್ಕೆ ಹೆಚ್ಚೆಂದರೆ ಒಂದು ಯೂನಿಟ್ ಕರೆಂಟ್. ಕರೆಂಟ್ ಇದ್ದರೆ. ಶಕ್ತಿನಗರದ ವಿದ್ಯುತ್ ಸ್ಥಾವರ ಪಕ್ಕದಲ್ಲೇ ಇದೆ ಅಂತ ರಾಯಚೂರಿನವರಿಗೆ ವಿನಾಯಿತಿಯೇನಿಲ್ಲ. ನಡುವೆ ಹೋದರೆ ಬಾಗಿಲು ತೆಗೆಯದೆ ಐದು ನಿಮಿಷ ಕಾಯಿರಿ, ತವಾದ ಕಾವಿಗೆ ತಳವಾದರೂ ಬೇಯುತ್ತದೆ.

ಕಬ್ಬಿಣದ ಹಂಚು ಇದಕ್ಕೆ ಉಲ್ಟಾ. ತಳಕ್ಕೆ ಬೇಕಾದಷ್ಟು ಕಾವು, ಮೇಲಿನಿಂದ ಏನೂ ಇಲ್ಲ. ಮೂರು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಮಧ್ಯಮ ಉರಿಯಲ್ಲಿ ಒಂದು ಬದಿ ಎರಡು ನಿಮಿಷ ಬೇಯಿಸಿ, ಮಗುಚಿ, ಬೆಂದ ಬದಿಯ ಮೇಲೆ ಸಾಸ್ ಮತ್ತು ಚೀಸ್ ಹಾಕಬೇಕು. ಹಸಿ ಬದಿಗೆ ಹಾಕಿದರೆ ಅದು ಎಂದಿಗೂ ಬೇಯುವುದಿಲ್ಲ. ಉರಿ ಸಣ್ಣಗೆ ಮಾಡಿ, ಮುಚ್ಚಳವನ್ನು ಒಂದು ಚಮಚದಷ್ಟು ಓರೆ ಇಟ್ಟು ಐದಾರು ನಿಮಿಷ. ಪೂರ್ತಿ ಮುಚ್ಚಿದರೆ ಹಬೆ ನೀರಾಗಿ ಚೀಸ್ ಮೇಲೆ ತೊಟ್ಟಿಕ್ಕುತ್ತದೆ. ನಡುವೆ ಒಮ್ಮೆ ಮುಚ್ಚಳದ ಒಳಬದಿ ಒರೆಸಿದರೆ ಒಳ್ಳೆಯದು. ಚೀಸ್ ಕರಗುತ್ತದೆ, ಆದರೆ ಕಂದಾಗುವುದಿಲ್ಲ. ಹಣ್ಣು ಬಿಸಿಯಾಗುತ್ತದೆ, ಆದರೆ ಹುರಿಯುವುದಿಲ್ಲ.

ಉಪ್ಪು ಹಾಸಿದ ಕಡಾಯಿ ಅಥವಾ ಕುಕ್ಕರ್ ನಮ್ಮ ಲೆಕ್ಕದಲ್ಲಿ ಮೂರನೇ ಜಾಗಕ್ಕೂ ಕಷ್ಟಪಟ್ಟು ಬರುತ್ತದೆ. ಕಾಯಿಸಲು ಹನ್ನೆರಡು ನಿಮಿಷ, ಬೇಯಿಸಲು ಇಪ್ಪತ್ತಕ್ಕೂ ಮೇಲೆ. ಅಷ್ಟು ಹೊತ್ತು ಮಂದ ಕಾವಿನಲ್ಲಿ ಕೂತ ತಳ ಒಣಗಿ ರಸ್ಕ್ ಆಗುತ್ತದೆ, ಹಣ್ಣು ಮಾತ್ರ ನೀರು ಬಿಡುತ್ತಲೇ ಇರುತ್ತದೆ. ಮಾಡಲೇಬೇಕಿದ್ದರೆ ಕುಕ್ಕರ್‌ನ ರಬ್ಬರ್ ಮತ್ತು ಸೀಟಿ ತೆಗೆದಿಡಿ. ನಾನ್‌ಸ್ಟಿಕ್ ಪಾತ್ರೆಯನ್ನು ಖಾಲಿ ಕಾಯಿಸುವುದಂತೂ ಬೇಡವೇ ಬೇಡ.

ಹಣ್ಣುಗಳು

ಬಳ್ಳಾರಿಯ ಅಂಜೂರಕ್ಕೆ ನಮ್ಮ ಮೊದಲ ಮಣೆ, ಅದೂ ಓಟಿಜಿಯಲ್ಲಿ. ತಾಜಾ ಹಣ್ಣನ್ನು ನಾಲ್ಕೈದು ಮಿಲಿಮೀಟರ್ ಬಿಲ್ಲೆ ಮಾಡಿ ಚೀಸ್ ಮೇಲೆ ಇಡಬೇಕು. ಮೇಲಿನ ರಾಡ್‌ನ ಕಾವಿಗೆ ನೀರು ಆರಿ, ರುಚಿ ಗಟ್ಟಿಯಾಗಿ, ಅಂಚು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಚೀಸ್ ಕೆಳಗೆ ಇಟ್ಟರೆ ನೀರಿಗೆ ಹೋಗಲು ದಾರಿಯಿಲ್ಲ, ತಳ ನೆನೆಯುತ್ತದೆ. ಒಣ ಅಂಜೂರಕ್ಕೆ ಇದರ ತದ್ವಿರುದ್ಧ: ಬೆಚ್ಚಗಿನ ನೀರಲ್ಲಿ 20 ನಿಮಿಷ ನೆನೆಸಿ, ಹಿಂಡಿ, ಸಣ್ಣಗೆ ಹೆಚ್ಚಿ ಚೀಸ್ ಕೆಳಗೆ ಹಾಕಬೇಕು. ಮೇಲಿಟ್ಟರೆ ನಾಲ್ಕೇ ನಿಮಿಷಕ್ಕೆ ಸೀದು ಕಹಿ. ಇನ್ನೊಂದು ಎಚ್ಚರ, ಇದನ್ನು ಯಾರೂ ಹೇಳುವುದಿಲ್ಲ: ತಾಜಾ ಅಂಜೂರದಲ್ಲಿ ಫೈಸಿನ್, ಹಸಿ ಅನಾನಸಿನಲ್ಲಿ ಬ್ರೊಮೆಲಿನ್ ಎಂಬ ಕಿಣ್ವಗಳಿವೆ, ಎರಡೂ ಹಾಲಿನ ಪ್ರೋಟೀನನ್ನು ಒಡೆಯುತ್ತವೆ. ಪನೀರ್ ಜೊತೆ ಬೆರೆಸಿ ತಾಸುಗಟ್ಟಲೆ ಇಟ್ಟರೆ ಪನೀರ್ ಲೊಳಲೊಳ ಆಗಿ ಕಹಿ ತಿರುಗುತ್ತದೆ. ಒಲೆಗೆ ಹೋಗುವ ಮುಂಚೆಯಷ್ಟೇ ಹಾಕಿ. ಬೆಂದ ಮೇಲೆ ಕಿಣ್ವದ ಆಟ ನಡೆಯುವುದಿಲ್ಲ.

ಅನಾನಸ್ ಎಂದ ಕೂಡಲೇ ಜನ ಎರಡು ಪಕ್ಷ ಆಗುತ್ತಾರೆ. ಹವಾಯಿಯನ್ ಎಂದು ಹೆಸರಾದ ಆ ಪಿಜ್ಜಾ ಹುಟ್ಟಿದ್ದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಚಾಥಮ್‌ನಲ್ಲಿ, 1962ರಲ್ಲಿ, ಗ್ರೀಸ್ ಮೂಲದ ಸ್ಯಾಮ್ ಪನೊಪೌಲೋಸ್ ಎಂಬುವರ ಹೋಟೆಲಿನಲ್ಲಿ. ಅವರು ಬಳಸಿದ್ದು ಡಬ್ಬಿಯ ಹಣ್ಣು. ತಾಜಾ ಹಣ್ಣು ತಂದರೆ ಒಣ ಹಂಚಿನ ಮೇಲೆ ಜೋರು ಉರಿಯಲ್ಲಿ ಮೂರು ನಿಮಿಷ ಸುಟ್ಟು ನೀರು ಇಂಗಿಸಿಯೇ ಹಾಕಿ.

ಗಂಗಾವತಿ, ಆನೆಗುಂದಿ ಕಡೆಯ ಬಾಳೆ ಅಚ್ಚರಿ ಹುಟ್ಟಿಸಿತು. ಬಾಳೆ ಮತ್ತು ಕರ್ರಿ ಪುಡಿ ಹಾಕಿದ ಪಿಜ್ಜಾ ಸ್ವೀಡನ್‌ನಲ್ಲಿ ಮಾಮೂಲು. ನಮ್ಮ ಖಾರಕ್ಕೆ ಅದು ಇನ್ನೂ ಚೆನ್ನಾಗಿ ಒಗ್ಗುತ್ತದೆ. ಸಿಪ್ಪೆಯ ತೊಟ್ಟು ಇನ್ನೂ ಹಸಿರಿರುವ ಏಲಕ್ಕಿ ಬಾಳೆಯೇ ಆಗಬೇಕು. ಪೂರ್ತಿ ಮಾಗಿದ್ದು ಕರಗಿ ಸೀಕರಣೆಯಾಗುತ್ತದೆ. ಓಟಿಜಿಯಲ್ಲಿ ಐದನೇ ನಿಮಿಷಕ್ಕೆ ಹಾಕಿ, ಮೊದಲೇ ಹಾಕಿದರೆ ಕಪ್ಪಾಗುತ್ತದೆ. ಹಂಚಿನಲ್ಲಾದರೆ ಬಿಲ್ಲೆಗಳನ್ನು ತುಪ್ಪದಲ್ಲಿ ಬೇರೆಯಾಗಿ ಕೆಂಪಗೆ ಮಾಡಿ ಕೊನೆಗೆ ಜೋಡಿಸಿ.

ಕೊಪ್ಪಳದ ಕೇಸರ್ ಮಾವಿಗೆ ಒಲೆಯೇ ಬೇಡ. ಗಟ್ಟಿ ಇರುವ ದೋರೆಹಣ್ಣನ್ನು ಒಂದು ಸೆಂಟಿಮೀಟರ್ ಹೋಳು ಮಾಡಿ, ಮೆಣಸಿನಪುಡಿ ಮತ್ತು ಉಪ್ಪು ಸವರಿ, ಪಿಜ್ಜಾ ಕೆಳಗಿಳಿಸಿದ ಮೇಲೆ ಉದುರಿಸಿ. ದಾಳಿಂಬೆಯೂ ಅಷ್ಟೇ: ಕಾದರೆ ರಸ ಹೋಗಿ ಬೀಜ ಮಾತ್ರ ಹಲ್ಲಿಗೆ ಸಿಗುತ್ತದೆ. ಈ ಎರಡಕ್ಕೂ ಓಟಿಜಿ ಹಚ್ಚುವುದು ದಂಡ, ಹಂಚು ಧಾರಾಳ ಸಾಕು.

ಹಣ್ಣೇ ಇಲ್ಲದಿದ್ದರೆ ಉಳ್ಳಾಗಡ್ಡಿ-ಬೆಲ್ಲ. 250 ಗ್ರಾಂ ಉಳ್ಳಾಗಡ್ಡಿಯನ್ನು ಉದ್ದಕ್ಕೆ ಹೆಚ್ಚಿ ಸಣ್ಣ ಉರಿಯಲ್ಲಿ 25 ನಿಮಿಷ ಬಾಡಿಸಿ, ಕಂದಾದ ಮೇಲೆ ಒಂದು ಚಮಚ ಪುಡಿ ಬೆಲ್ಲ. ಬೆಲ್ಲ ಮೊದಲೇ ಬಿದ್ದರೆ ಉಳ್ಳಾಗಡ್ಡಿ ಬೇಯುವಷ್ಟರಲ್ಲಿ ಅದು ಸುಡುತ್ತದೆ. ಮೂರೂ ಒಲೆಯಲ್ಲಿ ಕೈಕೊಡದೆ ಬಂದದ್ದು ಇದೊಂದೇ.

ಖಾರ, ಚೀಸ್, ಜೋಡಿ

ಟೊಮೆಟೊ ಸಾಸ್‌ಗೆ ನಾಲ್ಕು ಚಮಚಕ್ಕೆ ಒಂದು ಚಮಚ ರಂಜಕ (ಕೆಂಪು ಮೆಣಸಿನಕಾಯಿಯ ಖಾರದ ಚಟ್ನಿ) ಬೆರೆಸಿದರೆ ಸಿಹಿ ಹಣ್ಣಿಗೆ ಎದುರಾಳಿ ಸಿಕ್ಕಂತೆ. ರಂಜಕದಲ್ಲೇ ಉಪ್ಪು ಜೋರಿರುವುದರಿಂದ ಸಾಸ್‌ಗೆ ಬೇರೆ ಉಪ್ಪು ಹಾಕಬೇಡಿ. ವಗ್ಗರಣಿ (ಒಗ್ಗರಣೆ ಹಾಕಿದ ಮಂಡಕ್ಕಿ) ಜೊತೆ ತಿನ್ನುವ ಮಿರ್ಚಿ ಬಜ್ಜಿಯ ಉದ್ದನೆಯ ಮೆಣಸಿನಕಾಯಿ ಕ್ಯಾಪ್ಸಿಕಂಗಿಂತ ಎಷ್ಟೋ ವಾಸಿ: ಬೀಜ ತೆಗೆದು ಅಡ್ಡಕ್ಕೆ ಹೆಚ್ಚಿದರೆ ನೀರೂ ಕಡಿಮೆ, ಘಮವೂ ಜಾಸ್ತಿ. ಚೀಸ್ ಒಂದು ಪಿಜ್ಜಾಕ್ಕೆ 60 ಗ್ರಾಂ ಮೊಝರೆಲ್ಲಾ, 20 ಗ್ರಾಂ ಪುಡಿಮಾಡಿದ ಪನೀರ್. ಪ್ರಾಸೆಸ್ಡ್ ಚೀಸ್ ಮಾತ್ರ ಹಾಕಿದರೆ ನೂಲು ಬರುವುದಿಲ್ಲ, ಉಪ್ಪು ಎದ್ದು ಕಾಣುತ್ತದೆ.

ಓಟಿಜಿ ಇರುವವರು ತಾಜಾ ಅಂಜೂರ, ಮಿರ್ಚಿ, ಪನೀರ್, ಇಳಿಸಿದ ಮೇಲೆ ಒಂದು ಹಿಡಿ ಹುರಿದ ಶೇಂಗಾ: ಇದರಿಂದ ಶುರು ಮಾಡಿ. ಹಂಚಿನವರು ಉಳ್ಳಾಗಡ್ಡಿ-ಬೆಲ್ಲ ಹರಡಿ, ಮೇಲೆ ದಾಳಿಂಬೆ ಮತ್ತು ಗುರೆಳ್ಳು ಚಟ್ನಿಪುಡಿ ಉದುರಿಸಿ. ಉಳಿದ ತುಂಡುಗಳನ್ನು ಮರುದಿನ ಒಣ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಮೂರ್ನಾಲ್ಕು ನಿಮಿಷ ಬಿಸಿ ಮಾಡಬಹುದು. ಮಾವು, ದಾಳಿಂಬೆ ಹಾಕಿದ್ದರೆ ಅವನ್ನು ಆರಿಸಿ ತೆಗೆದು ತುಂಡುಗಳನ್ನು ಫ್ರಿಜ್‌ಗೆ ಇಡಿ, ಇಲ್ಲವಾದರೆ ಬೆಳಿಗ್ಗೆಗೆ ತಳ ಒದ್ದೆಯಾಗಿರುತ್ತದೆ.