ಹೆಂಚಿನ ಕೆಂಪಿಗೆ ಅಗ್ಗದ ಬಣ್ಣವೇ ಸಾಕು

ಆಟಿ ತಿಂಗಳ ಮಳೆಯಲ್ಲಿ ಹೊರಗೆ ಕುಳಿತು ಚಿತ್ರ ಬರೆಯುವುದು ಆಗದ ಮಾತು. ಮಂಗಳೂರಿನ ಕದ್ರಿಯ ನಮ್ಮ ಮನೆಯ ಜಗಲಿಯಲ್ಲೇ ಮೂರು ಬಗೆಯ ಆಕ್ರಿಲಿಕ್ ಬಣ್ಣ ಹರಡಿಕೊಂಡೆ: ಕರಕುಶಲಕ್ಕೆಂದು ಮಾರುವ ಪುಟ್ಟ ಡಬ್ಬಿ, ವಿದ್ಯಾರ್ಥಿಗಳ ಟ್ಯೂಬು, ಕಲಾವಿದರ ದರ್ಜೆಯ ದುಬಾರಿ ಟ್ಯೂಬು.

ದಪ್ಪ ಕಾಗದದ ಮೇಲೆ ಕಪ್ಪು ಮಾರ್ಕರಿನಿಂದ ಗೆರೆ ಎಳೆದು, ಅದರ ಮೇಲೆ ಮೂರರ ಹಳದಿಯನ್ನೂ ಪಕ್ಕಪಕ್ಕದಲ್ಲಿ ಬಳಿದೆ. ದುಬಾರಿಯದು ಎರಡೇ ಸಲ ಬಳಿಯುವಷ್ಟರಲ್ಲಿ ಗೆರೆಯನ್ನು ನುಂಗಿಬಿಟ್ಟಿತು. ಡಬ್ಬಿಯದನ್ನು ನಾಲ್ಕು ಸಲ ಬಳಿದರೂ ಗೆರೆ ಇಣುಕುತ್ತಲೇ ಇತ್ತು. ವಿದ್ಯಾರ್ಥಿ ಟ್ಯೂಬು ನಡುವೆ ಎಲ್ಲೋ ಉಳಿಯಿತು. ಅದರ ಮೇಲೆ ‘ಕ್ಯಾಡ್ಮಿಯಂ ಯೆಲ್ಲೋ ಹ್ಯೂ’ ಎಂದಿದೆ. ಆ ಕೊನೆಯ ಪದವೇ ಗುಟ್ಟು: ಒಳಗಿರುವುದು ಕ್ಯಾಡ್ಮಿಯಂ ಎಂಬ ಲೋಹದಿಂದಾದ ಬಣ್ಣವಲ್ಲ, ಅದನ್ನು ಹೋಲುವ ಅಗ್ಗದ ವರ್ಣದ್ರವ್ಯ, ಅಂದರೆ ಬಣ್ಣ ಕೊಡುವ ಪುಡಿ. ಅಸಲಿ ಬೇಕಿದ್ದರೆ ಟ್ಯೂಬಿನ ಬೆನ್ನಿನಲ್ಲಿ ಪಿವೈ 35 (PY35) ಎಂಬ ವರ್ಣದ್ರವ್ಯದ ಸಂಕೇತವನ್ನು ಹುಡುಕಿ. ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡುವ ಅಭ್ಯಾಸವಿದ್ದವರು ಮಾತ್ರ ಅದರ ತಂಟೆಗೆ ಹೋಗಬೇಡಿ, ಕ್ಯಾಡ್ಮಿಯಂ ವಿಷ.

ಹೆಂಚಿನ ಮಾಡು ಬರೆಯಲು ಕುಳಿತಾಗ ಲೆಕ್ಕವೆಲ್ಲ ತಲೆಕೆಳಗಾಯಿತು. ಇಟ್ಟಿಗೆಗೆಂಪಿನಲ್ಲಿ ವಿದ್ಯಾರ್ಥಿ ಟ್ಯೂಬಿಗೂ ದುಬಾರಿಯದಕ್ಕೂ ನನ್ನ ಕಣ್ಣಿಗೆ ವ್ಯತ್ಯಾಸವೇ ಕಾಣಲಿಲ್ಲ. ಕಾರಣ ಎರಡರಲ್ಲೂ ಇರುವುದು ಪಿಆರ್ 101, ಅಂದರೆ ಕಬ್ಬಿಣದ ಆಕ್ಸೈಡ್. ಅಗ್ಗ, ಚೆನ್ನಾಗಿ ಮುಚ್ಚುತ್ತದೆ, ಬಿಸಿಲಿಗೆ ಮಾಸುವುದಿಲ್ಲ. ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಬಾಸೆಲ್ ಮಿಷನ್ನಿನವರ ಕಾಲದಿಂದ ಇಲ್ಲಿ ಸುಡುವ ಹೆಂಚಿಗೆ ಕೆಂಪು ಕೊಡುವುದೂ ಜೇಡಿಯಲ್ಲಿನ ಅದೇ ಕಬ್ಬಿಣ. ಮಂಗಳೂರು ಹೆಂಚನ್ನು ಅದರದೇ ಬಣ್ಣದಿಂದ ಬರೆಯಬಹುದಾದರೆ ಹೆಚ್ಚು ದುಡ್ಡು ಯಾಕೆ ಸುರಿಯಬೇಕು? ಅಲ್ಟ್ರಾಮರೀನ್ ನೀಲಿಯೂ ಹಾಗೆಯೇ, ವಿದ್ಯಾರ್ಥಿ ದರ್ಜೆ ಧಾರಾಳ ಸಾಕು.

ಒಣಗುವ ವಿಷಯದಲ್ಲಿ ಮೂರೂ ಸತಾಯಿಸಿದವು. ಆಕ್ರಿಲಿಕ್ ಒಣಗುವುದು ನೀರು ಆರಿ. ಗಾಳಿಯೇ ಒದ್ದೆಯಾಗಿದ್ದರೆ ನೀರು ಹೋಗುವುದೆಲ್ಲಿಗೆ? ಒಣಗಿದೆ ಎಂದು ನಂಬಿ ಎರಡು ಕ್ಯಾನ್ವಾಸ್‌ಗಳನ್ನು ಮುಖಾಮುಖಿ ಇಟ್ಟಿದ್ದೆ. ಬೆಳಿಗ್ಗೆ ಬಿಡಿಸಿದಾಗ ಪಚ್ ಎಂದು ಒಂದರ ಆಕಾಶ ಇನ್ನೊಂದರ ತೆಂಗಿನ ಮರಕ್ಕೆ ಅಂಟಿ ಬಂದಿತ್ತು. ಬಣ್ಣದ ಪುಡಿಯನ್ನು ಹಿಡಿದಿಡುವ, ಹಸಿಯಿದ್ದಾಗ ಹಾಲಿನಂತಿರುವ ಅಂಟು ಒಣಗಿದ ಮೇಲೆ ತಿಳಿಯಾಗಿ ಬಣ್ಣ ಗಾಢವಾಗುತ್ತದೆ ಎಂಬುದನ್ನೂ ನೆನಪಿಟ್ಟುಕೊಳ್ಳಿ. ಡಬ್ಬಿಯ ಬಣ್ಣದಲ್ಲಿ ಈ ಬದಲಾವಣೆ ನನಗೆ ಎದ್ದು ಕಂಡಿತು.

ಡಬ್ಬಿಗಳನ್ನು ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟೆ, ಹೂಕುಂಡಗಳಿಗೆ ಬಳಿಯುತ್ತಿದ್ದಾರೆ. ನಾನು ವಿದ್ಯಾರ್ಥಿ ಟ್ಯೂಬುಗಳ ಪೆಟ್ಟಿಗೆಯೊಳಗೆ ಹಳದಿಯೊಂದನ್ನು ಮಾತ್ರ ದುಬಾರಿಯದು ಇಟ್ಟುಕೊಂಡಿದ್ದೇನೆ.