ಪಂಚಾಯ್ತಿ, ಕೋರ್ಟು, ಮಧ್ಯಸ್ಥಿಕೆ: ಡೈವೋರ್ಸಿನಲ್ಲಿ ಮೂರನ್ನೂ ನೋಡಿದವಳ ಹೋಲಿಕೆ

ಮಧ್ಯಸ್ಥಿಕೆಗೆ, ಅಂದರೆ ಮೀಡಿಯೇಶನ್ನಿಗೆ ಹೋಗಿ, ಆದರೆ ಬರಿಗೈಯಲ್ಲಿ ಹೋಗಬೇಡಿ. ಯಾರು ಕೇಳಿದರೂ ನಾನು ಹೇಳುವುದು ಇಷ್ಟೇ. ನನ್ನ ಗಂಡನದ್ದು ಶಿರಸಿ ಕಡೆ ಅಡಿಕೆ ತೋಟ, ನಾನು ಮಗಳ ಜೊತೆ ಕಾರವಾರದ ತವರಿನಲ್ಲಿ. ಬೇರೆಯಾಗುವುದು ಇಬ್ಬರಿಗೂ ಖಚಿತವಿತ್ತು. ಜಗಳ ಇದ್ದಿದ್ದು ಮಗಳು, ಒಡವೆ, ಖರ್ಚು ಇವುಗಳ ಮೇಲೆ.

ಹಿರಿಯರ ಪಂಚಾಯ್ತಿಯನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಸೋದರಮಾವ ಗಟ್ಟಿಯಾಗಿ ಕೇಳಿದ್ದಕ್ಕೆ ಒಡವೆಯಲ್ಲಿ ಅರ್ಧದಷ್ಟು ಬೇಗ ವಾಪಸ್ ಬಂತು, ಕೋರ್ಟಿಂದ ಅಷ್ಟು ಬೇಗ ಆಗುತ್ತಿರಲಿಲ್ಲ. ಆದರೆ ಅಲ್ಲಿ ನನ್ನ ಪರವಾಗಿ ಎಲ್ಲರೂ ಮಾತಾಡಿದರು, ನನಗೆ ಮಾತ್ರ ಬಾಯಿ ತೆರೆಯಲು ಜಾಗವಿರಲಿಲ್ಲ. ಬಾಂಡ್ ಪೇಪರಿನಲ್ಲಿ ಸಹಿ ಹಾಕಿದರೆ ಡೈವೋರ್ಸ್ ಆಯ್ತು ಅನ್ನುವವರೂ ಇದ್ದರು. ಹಾಗಲ್ಲ, ನಮ್ಮಂಥವರಿಗೆ ಕೋರ್ಟಿನ ಡಿಕ್ರಿ ಬೇಕೇ ಬೇಕು.

ಕೋರ್ಟಿನ ತೊಂದರೆ ಎಲ್ಲರಿಗೂ ಗೊತ್ತು. ತಾರೀಖು, ಮತ್ತೆ ತಾರೀಖು. ವಕೀಲರು ಬರೆದ ಅರ್ಜಿ ಓದಿದರೆ ನನ್ನ ಗಂಡ ಇಷ್ಟು ಕೆಟ್ಟವರಾ ಅಂತ ನನಗೇ ಅನ್ನಿಸಿತ್ತು! ಆದರೆ ಒಂದು ದೊಡ್ಡ ಉಪಕಾರ ಅಲ್ಲಿಂದಲೇ ಆಯಿತು. ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲ ಎಲ್ಲವನ್ನೂ ಅಫಿಡವಿಟ್ಟಿನಲ್ಲಿ, ಅಂದರೆ ಪ್ರಮಾಣಪತ್ರದಲ್ಲಿ ಬರೆದು ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಪಂಚಾಯ್ತಿಯಲ್ಲಿ "ತೋಟದಲ್ಲಿ ಏನೂ ಉಳಿಯೋದಿಲ್ಲ" ಅಂದವರು ಇಲ್ಲಿ ಲೆಕ್ಕ ಬರೆಯಬೇಕಾಯಿತು. ಉಳಿದ ಒಡವೆ ಎಲ್ಲಿ ಅಡವಿದೆ ಅನ್ನುವುದೂ ಆಗಲೇ ಗೊತ್ತಾಗಿದ್ದು.

ಆ ಕಾಗದ ಕೈಗೆ ಬಂದ ಮೇಲೆ ಮಧ್ಯಸ್ಥಿಕೆಗೆ ಕಳಿಸಿದರು. ಕೋರ್ಟು ಕಳಿಸಿದ್ದಕ್ಕೆ ಬೇರೆ ಫೀಸು ಇಲ್ಲ. ಮಧ್ಯಸ್ಥಗಾರರು ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಿದರು, ಆಮೇಲೆ ಒಬ್ಬೊಬ್ಬರನ್ನೇ ಬೇರೆ ಬೇರೆ ಕೇಳಿದರು. ಅಲ್ಲಿ ಆಡಿದ ಮಾತು ಗುಟ್ಟಾಗಿ ಉಳಿಯುತ್ತದೆ, ಮುಂದೆ ಕೋರ್ಟಿನಲ್ಲಿ ಸಾಕ್ಷಿಯಾಗಿ ಬರುವುದಿಲ್ಲ. ಈ ಒಂದು ಧೈರ್ಯಕ್ಕೇ ಇಬ್ಬರೂ ಸ್ವಲ್ಪ ಸಡಿಲವಾದೆವು. ಮೊದಲ ಸಲ ಪೂರ್ತಿ "ಮಗುವಿನ ಮುಖ ನೋಡಿ ಹೊಂದಿಕೊಳ್ಳಿ" ಅನ್ನುವುದರಲ್ಲೇ ಹೋಯಿತು, ಸಿಟ್ಟು ಬಂದಿತ್ತು. ಬೇಡ ಅಂತ ಇಬ್ಬರೂ ಸ್ಪಷ್ಟವಾಗಿ ಹೇಳಿದ ಮೇಲೆ ನಿಜವಾದ ಕೆಲಸ ಶುರುವಾಯಿತು.

ದುಡ್ಡಿನ ವಿಷಯ ತಗೊಳ್ಳಿ. ಕೋರ್ಟಿನ ಜೀವನಾಂಶ ಅಂದರೆ ಸಾಮಾನ್ಯವಾಗಿ ತಿಂಗಳಿಗೆ ಇಷ್ಟು ಅಂತ. ತೋಟದವರ ಕೈಯಲ್ಲಿ ತಿಂಗಳು ತಿಂಗಳು ದುಡ್ಡು ಓಡಾಡುತ್ತದಾ? ಹಾಗಾಗಿ ತಿಂಗಳಿಗೆ ಸಣ್ಣ ಮೊತ್ತ, ಚಾಲಿ (ಸಿಪ್ಪೆ ಸುಲಿದ ಒಣ ಅಡಿಕೆ) ಒಣಗಿ ಮಾರಾಟವಾದ ಮೇಲೆ ದೊಡ್ಡ ಕಂತು, ಅದರಲ್ಲೇ ಶಾಲೆ ಫೀಸು ಅಂತ ಬರೆದುಕೊಂಡೆವು. ಮಗಳನ್ನು ಕುಮಟಾದಲ್ಲಿ ಒಪ್ಪಿಸುವುದು, ಅದು ಇಬ್ಬರಿಗೂ ಸುಮಾರು ಅರ್ಧ ದಾರಿ. ಮಳೆಗಾಲದಲ್ಲಿ ಅಲ್ಲಿಂದ ಶಿರಸಿಗೆ ಹೋಗುವ ದಾರಿಯ ದೇವಿಮನೆ ಘಟ್ಟ ಹತ್ತಿಸಿ ಕಳಿಸುವುದಿಲ್ಲ, ಅವರೇ ಇಳಿದು ಬರಬೇಕು. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನ ಗುಡ್ಡ ಕುಸಿದಿದ್ದನ್ನು ನೋಡಿದವರಿಗೆ ಕುಮಟಾ ತನಕದ ಹೆದ್ದಾರಿಯೂ ಭಯವೇ, ಅದಕ್ಕೆ ನಾವು ರೈಲಿನಲ್ಲಿ ಹೋಗುವುದು ಅಂತ ಅದನ್ನೂ ಸೇರಿಸಿದೆವು. ಇದೆಲ್ಲ ಯಾವ ಜಡ್ಜ್ ಕೂತು ಬರೆಯುತ್ತಾರೆ ಹೇಳಿ?

ಕೊರತೆಯೂ ಇದೆ. ಮಧ್ಯಸ್ಥಗಾರರು ತೀರ್ಪು ಕೊಡುವವರಲ್ಲ, ಬ್ಯಾಂಕ್ ಪಾಸ್‌ಬುಕ್ ತನ್ನಿ ಅಂತ ಆಜ್ಞೆ ಮಾಡುವ ಹಾಗಿಲ್ಲ, ಒಬ್ಬರು ಬಾರದೆ ಕೂತರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಅಫಿಡವಿಟ್ ಇಲ್ಲದೆ ಹೋಗಿದ್ದರೆ ನಮ್ಮದೂ ಇನ್ನೊಂದು ಪಂಚಾಯ್ತಿ ಆಗುತ್ತಿತ್ತು.

ಒಪ್ಪಂದವನ್ನು ಕೋರ್ಟಿಗೆ ಕೊಟ್ಟು ಪರಸ್ಪರ ಒಪ್ಪಿಗೆಯ ಡೈವೋರ್ಸ್ ಕೇಳಿದೆವು. ಕಾಯ್ದೆಯಲ್ಲಿ ಅದಕ್ಕೆ ಆರು ತಿಂಗಳ ಕಾಯುವಿಕೆ ಇದೆ, ಆದರೆ ಬಹಳ ಕಾಲದಿಂದ ಬೇರೆ ಇದ್ದು ಎಲ್ಲ ವಿಷಯ ಇತ್ಯರ್ಥವಾಗಿದ್ದರೆ ಕೋರ್ಟು ಅದನ್ನು ಬಿಟ್ಟುಕೊಡಬಹುದು, 2017ರ ಸುಪ್ರೀಂ ಕೋರ್ಟ್ ತೀರ್ಪಿದೆ. ನಿಮ್ಮ ವಕೀಲರನ್ನು ಕೇಳಿ.

ಹೊಡೆತ, ಬೆದರಿಕೆ ಇರುವ ಮನೆಯವರಿಗೆ ಮಾತ್ರ ಇದನ್ನು ಹೇಳಲಾರೆ. ಎದುರು ಕೂತವರಿಗೆ ಹೆದರಿ ಒಪ್ಪಿದ್ದು ರಾಜಿಯಲ್ಲ. ಮೊದಲು 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ರಕ್ಷಣೆ ಕೇಳಿ. ವಕೀಲರಿಗೆ ದುಡ್ಡಿಲ್ಲ ಅಂದರೆ ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ.