ಲಗ್ನದ ಸೀಸನ್‌ನಲ್ಲಿ ವಿಂಡೋಸ್ 11 ಹಾಕಿಸಿದ್ದು: ಒಂದು ವರ್ಷ ಬಳಸಿದ ಮೇಲೆ ನನ್ನ ವಿಮರ್ಶೆ

ಗದಗದಲ್ಲಿ ನಮ್ಮದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಪೋಸ್ಟರ್, ಆಗಾಗ ಒಂದು ಸ್ಮರಣ ಸಂಚಿಕೆ. ಕೆಲಸಕ್ಕೆ ನಾಲ್ಕು ಜನ, ಕಂಪ್ಯೂಟರ್ ಐದು. 2025ರ ಮಾರ್ಚ್‌ನಲ್ಲಿ, ಯುಗಾದಿಗೆ ಇನ್ನೂ ಮೂರು ವಾರ ಇರುವಾಗ, ನಾಲ್ಕು ಕಂಪ್ಯೂಟರ್‌ಗಳನ್ನು ಒಂದೇ ವಾರದಲ್ಲಿ ವಿಂಡೋಸ್ 11ಕ್ಕೆ ಬದಲಾಯಿಸಿದೆವು. ಒಂದು ವರ್ಷಕ್ಕೂ ಜಾಸ್ತಿ ದಿನ ಅದರ ಮೇಲೆ ಕೆಲಸ ಮಾಡಿದ್ದೇನೆ. ಈಗ ಕೇಳಿದರೆ ವಿಂಡೋಸ್ 11 ಒಳ್ಳೆಯದೇ ಅನ್ನುತ್ತೇನೆ. ಆದರೆ ನಾವು ಬದಲಾಯಿಸಿದ ರೀತಿ ಪೂರ್ತಿ ತಪ್ಪು. ನಮ್ಮಂತೆ ಸಣ್ಣ ವ್ಯಾಪಾರ ನಡೆಸುವವರು ಆ ತಪ್ಪು ಮಾಡದಿರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಬದಲಾಯಿಸಲು ಕಾರಣ ಇತ್ತು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಬೆಂಬಲ ಮುಗಿಯುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಆಮೇಲೆ ಉಚಿತ ಸೆಕ್ಯುರಿಟಿ ಅಪ್‌ಡೇಟ್ ಇಲ್ಲ. ನಮ್ಮಲ್ಲಿ 2021ರಲ್ಲಿ ಕೊಂಡ ಎರಡು ಕಂಪ್ಯೂಟರ್ ಹೊಸದಕ್ಕೆ ಒಗ್ಗುತ್ತಿದ್ದವು. ಇನ್ನೆರಡರಲ್ಲಿ ಇಂಟೆಲ್ ಆರನೇ ಪೀಳಿಗೆಯ ಪ್ರೊಸೆಸರ್. ವಿಂಡೋಸ್ 11ಕ್ಕೆ ಹೆಚ್ಚುಕಡಿಮೆ ಎಂಟನೇ ಪೀಳಿಗೆಯದೋ ಅದಕ್ಕಿಂತ ಹೊಸದೋ ಬೇಕು, ಜೊತೆಗೆ ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಚಿಪ್ ಬೇಕು. ಹಾಗಾಗಿ ಆ ಎರಡರ ಜಾಗಕ್ಕೆ ಹೊಸದನ್ನೇ ತಂದೆವು. 'ಹಳೇದಕ್ಕೂ ಹಾಕಿ ಕೊಡ್ತೀನಿ ಸರ್' ಅನ್ನುವವರು ಊರಲ್ಲಿ ಸಿಗುತ್ತಾರೆ. ಹಾಗೆ ಹಾಕಿಸಿದ ಕಂಪ್ಯೂಟರ್‌ಗೆ ಮುಂದೆ ಅಪ್‌ಡೇಟ್ ಬರುತ್ತದೆ ಅನ್ನುವ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಆ ದಾರಿ ಬೇಡ ಅಂದುಕೊಂಡೆವು, ಅದೊಂದು ಒಳ್ಳೆಯದಾಯಿತು.

ಮೊದಲ ಪೆಟ್ಟು ಬಿದ್ದದ್ದು ಅಕ್ಷರಕ್ಕೆ. ನಾವು ಲಗ್ನಪತ್ರಿಕೆ ಮಾಡುವುದು ಇಂದಿಗೂ ಪೇಜ್‌ಮೇಕರ್ 7ರಲ್ಲಿ. ಪುಟ ಕಟ್ಟುವ 2001ರ ಸಾಫ್ಟ್‌ವೇರ್ ಅದು. ಫಾಂಟ್ ನುಡಿ 01 ಇ. ಇದು ಯೂನಿಕೋಡ್ (ಪ್ರತಿ ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಈಗಿನ ಪದ್ಧತಿ) ಅಲ್ಲ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಹಳೇ ಪದ್ಧತಿ. ಫಾಂಟ್ ಸಿಗದಿದ್ದರೆ ಕನ್ನಡವೇ ಇರುವುದಿಲ್ಲ. ಹೊಸ ಕಂಪ್ಯೂಟರ್‌ನಲ್ಲಿ ಮೊದಲ ಪತ್ರಿಕೆ ತೆರೆದಾಗ ಹಾಗೇ ಆಯಿತು. ಮೇಲೆ ಗಣಪತಿಯ ಚಿತ್ರ ಸರಿಯಾಗಿತ್ತು. ಅದರ ಕೆಳಗೆ ವಧುವಿನ ಹೆಸರಿರಬೇಕಾದ ಕಡೆ ಇಂಗ್ಲಿಷ್ ಅಕ್ಷರ, ತಲೆಕೆಳಗಾದ ಪ್ರಶ್ನಾರ್ಥಕ, ಕೊಂಬು ಬಂದ 'ಎ'ಗಳು. ಹುಡುಗಿಯ ಅಪ್ಪ ಪ್ರೂಫ್ ನೋಡಲು ಬಂದು ನನ್ನ ಪಕ್ಕದಲ್ಲೇ ಕೂತಿದ್ದರು. ಸ್ಕ್ರೀನ್ ನೋಡಿ ಅವರ ಮುಖ ಸಣ್ಣದಾಯಿತು. 'ಏನೂ ಆಗಿಲ್ಲ, ಮಧ್ಯಾಹ್ನ ಬನ್ನಿ' ಅಂತ ಕಳಿಸಿದೆ.

ಫಾಂಟ್‌ಗಳನ್ನು ಹಾಕಿದ್ದೆ. ಮೌಸ್‌ನ ಬಲಗಡೆ ಒತ್ತಿ 'ಇನ್‌ಸ್ಟಾಲ್' ಅಂತ ಕೊಟ್ಟಿದ್ದೆ, ಮೊದಲಿನಿಂದಲೂ ಮಾಡುತ್ತಿದ್ದ ಹಾಗೆ. ಗೊತ್ತಿಲ್ಲದೆ ಇದ್ದದ್ದು ಏನೆಂದರೆ, 2018ರ ಕೊನೆಯಿಂದ ವಿಂಡೋಸ್‌ನಲ್ಲಿ ಹಾಗೆ ಹಾಕಿದ ಫಾಂಟ್ ಆ ಒಬ್ಬ ಬಳಕೆದಾರನ ಫೋಲ್ಡರ್‌ಗೆ ಮಾತ್ರ ಹೋಗುತ್ತದೆ. ಪೇಜ್‌ಮೇಕರ್‌ನಂಥ ಹಳೇ ಸಾಫ್ಟ್‌ವೇರ್ ಅಲ್ಲಿ ಹುಡುಕುವುದಿಲ್ಲ. 'ಎಲ್ಲ ಬಳಕೆದಾರರಿಗೂ ಇನ್‌ಸ್ಟಾಲ್' ಅನ್ನುವುದನ್ನು ಒತ್ತಬೇಕು. ವಿಂಡೋಸ್ 11ರಲ್ಲಿ ಅದು 'ಇನ್ನಷ್ಟು ಆಯ್ಕೆಗಳು' ಅನ್ನುವುದರ ಒಳಗೆ ಕೂತಿದೆ. ಒಂದು ಕ್ಲಿಕ್‌ನ ಕೆಲಸ, ಹುಡುಕಲು ಅರ್ಧ ದಿನ ಹೋಯಿತು. ಹಳೇ ಕಂಪ್ಯೂಟರ್‌ಗಳಿಗೆ ಎಷ್ಟೋ ವರ್ಷದ ಹಿಂದೆ ಫಾಂಟ್ ಹಾಕಿ ಮರೆತಿದ್ದೆವು. ಅದಕ್ಕೇ ಈ ಬದಲಾವಣೆ ಅಲ್ಲಿ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

ಎರಡನೆಯದೂ ಅಕ್ಷರದ್ದೇ, ಆದರೆ ಒಂದು ತಿಂಗಳು ಬಿಟ್ಟು ಬಂತು. ಒಂದು ಸಂಘದವರ ಸ್ಮರಣ ಸಂಚಿಕೆ, ವರ್ಡ್ ಫೈಲ್, ತುಂಗಾ ಫಾಂಟ್. ಹಳೇ ಕಂಪ್ಯೂಟರ್‌ನಲ್ಲಿ ಪುಟ ಕಟ್ಟಿದಾಗ 96 ಪುಟ, ಅಂದರೆ 16 ಪುಟಕ್ಕೊಂದರಂತೆ ಸರಿಯಾಗಿ ಆರು ಫಾರಂ. ಹೊಸದರಲ್ಲಿ ತೆರೆದರೆ 104. ಆರೂವರೆ ಫಾರಂ! ಪರಿವಿಡಿಯ ಪುಟಸಂಖ್ಯೆಗಳೆಲ್ಲ ತಪ್ಪು. ವಿಂಡೋಸ್ 10 ಬಂದಾಗಿನಿಂದ ತುಂಗಾ ತಾನಾಗಿ ಬರುವ ಫಾಂಟ್ ಅಲ್ಲ. 'ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್' ಅಂತ ಬೇರೆ ಹಾಕಿಕೊಳ್ಳಬೇಕು. ಅದು ಇಲ್ಲದ ಕಡೆ ವರ್ಡ್ ಸುಮ್ನೆ ನಿರ್ಮಲಾ ಫಾಂಟ್ ತೋರಿಸುತ್ತದೆ, ಒಂದು ಮಾತೂ ಹೇಳುವುದಿಲ್ಲ. ಪ್ಲೇಟ್ ಮಾಡಿಸುವ ಮುಂಚೆ ಪುಟ ಎಣಿಸಿದ್ದಕ್ಕೆ ಉಳಿದುಕೊಂಡೆವು.

ಇಲ್ಲಿ ಒಂದು ಮುಖ್ಯ ವಿಷಯ ಇದೆ. ಇದ್ದ ಕಂಪ್ಯೂಟರ್‌ನಲ್ಲೇ ವಿಂಡೋಸ್ 10ರಿಂದ 11ಕ್ಕೆ ಹೋದರೆ ಹಿಂದಕ್ಕೆ ಬರಲು 10 ದಿನ ಅವಕಾಶ ಕೊಡುತ್ತಾರೆ. ಪ್ರೆಸ್‌ನಲ್ಲಿ 10 ದಿನಕ್ಕೆ ಏನು ಗೊತ್ತಾಗುತ್ತದೆ ಹೇಳಿ? ಸಂಚಿಕೆ ಬರುವುದು ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ. ಕ್ಯಾಲೆಂಡರ್ ಕೆಲಸ ವರ್ಷಕ್ಕೊಮ್ಮೆ.

ಮೂರನೆಯದು ನಮ್ಮ ಸ್ಟೋರೇಜ್ ಪೆಟ್ಟಿಗೆ. 2014ರಿಂದ ಮಾಡಿದ ಎಲ್ಲ ಕೆಲಸ ಅದರಲ್ಲಿದೆ. ನೆಟ್‌ವರ್ಕ್‌ನಲ್ಲಿ ಪಾಸ್‌ವರ್ಡ್ ಇಲ್ಲದೆ ಯಾರು ಬೇಕಾದರೂ ತೆರೆಯುವ ಹಾಗೆ ಇಟ್ಟಿದ್ದೆವು. ವಿಂಡೋಸ್ 11 ಪ್ರೊದ 24ಎಚ್2 ಆವೃತ್ತಿಯಲ್ಲಿ (2024ರ ದೊಡ್ಡ ಅಪ್‌ಡೇಟ್) ಹಾಗೆ ಅತಿಥಿಯಾಗಿ ಒಳಗೆ ಹೋಗುವುದನ್ನು ಮುಚ್ಚಿದ್ದಾರೆ. ಫೈಲ್ ಹಂಚಿಕೆಗೆ ಎಸ್‌ಎಂಬಿ ಸೈನಿಂಗ್ (ಹೋಗಿಬರುವ ಮಾಹಿತಿ ನಕಲಿ ಅಲ್ಲ ಅನ್ನುವ ಡಿಜಿಟಲ್ ಸಹಿ) ಕೂಡ ಕಡ್ಡಾಯ. ನಾಲ್ಕು ಕಂಪ್ಯೂಟರ್‌ಗೂ ಒಂದೇ ದಿನ ಪೆಟ್ಟಿಗೆ ಸಿಗದಂತಾಯಿತು. 'ನಿಮ್ಮ ಸಂಸ್ಥೆಯ ಸೆಕ್ಯುರಿಟಿ ನೀತಿ ತಡೆದಿದೆ' ಅನ್ನುವ ಅರ್ಥದ ಸಂದೇಶ ಬಂತು. ನಮ್ಮ ಹುಡುಗ 'ಅಣ್ಣಾ, ನೀವೇನಾದ್ರೂ ಲಾಕ್ ಮಾಡಿದ್ರಾ?' ಅಂತ ನನ್ನನ್ನೇ ಕೇಳಿದ. ನ್ಯಾಯವಾಗಿ ನೋಡಿದರೆ ಇದು ವಿಂಡೋಸ್‌ನ ತಪ್ಪಲ್ಲ. ಹನ್ನೊಂದು ವರ್ಷ ಬಾಗಿಲು ತೆರೆದಿಟ್ಟು ಮಲಗಿದವರು ನಾವು. ಆ ಕಾವಲನ್ನು ಆಫ್ ಮಾಡುವ ಉಪಾಯ ಕೆಲವರು ಹೇಳಿದರು. ಅದನ್ನು ಮಾಡಲಿಲ್ಲ. ಪೆಟ್ಟಿಗೆಯ ಒಳಗಿನ ಸಾಫ್ಟ್‌ವೇರ್ (ಫರ್ಮ್‌ವೇರ್) ಅಪ್‌ಡೇಟ್ ಮಾಡಿ, ಪ್ರತಿಯೊಬ್ಬರಿಗೂ ಹೆಸರು, ಪಾಸ್‌ವರ್ಡ್ ಕೊಟ್ಟೆವು. ಇದೇ ಕೆಲಸವನ್ನು ಮೊದಲೇ ಒಂದು ಭಾನುವಾರ ಕೂತು ಮಾಡಬಹುದಿತ್ತು, ಅಲ್ವಾ?

ನನಗೆ ನಿದ್ದೆ ಕೆಡಿಸಿದ್ದು ಬೇರೆ. ಹೊಸ ಎರಡು ಕಂಪ್ಯೂಟರ್‌ಗಳನ್ನು ಸೆಟಪ್ ಮಾಡಿಕೊಟ್ಟವನು ಅಂಗಡಿಯ ಹುಡುಗ. ಮೈಕ್ರೋಸಾಫ್ಟ್ ಅಕೌಂಟ್ ಕೇಳಿದಾಗ ತನ್ನದೇ ಇಮೇಲ್ ಹಾಕಿ ಮುಗಿಸಿದ್ದಾನೆ. ನಾನೂ ಕೇಳಲಿಲ್ಲ. ಈಗಿನ ವಿಂಡೋಸ್ 11ರಲ್ಲಿ ಹಾಗೆ ಅಕೌಂಟ್ ಹಾಕಿ ಶುರು ಮಾಡಿದರೆ ಸಾಮಾನ್ಯವಾಗಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ (ಕೀ ಇಲ್ಲದೆ ಓದಲಾಗದ ಹಾಗೆ ಬೀಗ ಬೀಳುತ್ತದೆ), ಅದರ ಕೀ ಆ ಅಕೌಂಟ್‌ನಲ್ಲಿ ಕೂರುತ್ತದೆ. ಏಪ್ರಿಲ್ ಎರಡನೇ ವಾರ ಬಯಾಸ್ (ಕಂಪ್ಯೂಟರನ್ನು ಶುರು ಮಾಡಿಸುವ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಒಂದು ಆಯಿತು. ಮರುದಿನ ಬೆಳಿಗ್ಗೆ ಸ್ವಿಚ್ ಹಾಕಿದರೆ ನೀಲಿ ಪರದೆ, 48 ಅಂಕಿಯ ರಿಕವರಿ ಕೀ ಕೊಡಿ ಅನ್ನುತ್ತಿದೆ. ಕೀ ಇಲ್ಲದಿದ್ದರೆ ಡಿಸ್ಕ್‌ನಲ್ಲಿರುವುದನ್ನು ತೆಗೆಯಲು ಯಾರಿಂದಲೂ ಆಗುವುದಿಲ್ಲ. ಹದಿನೇಳು ಲಗ್ನಪತ್ರಿಕೆಯ ಫೈಲ್ ಅದರಲ್ಲೇ ಇದ್ದವು. ಆ ಹುಡುಗ ಅಷ್ಟರಲ್ಲಿ ಅಂಗಡಿ ಬಿಟ್ಟಿದ್ದ. ಅವನ ನಂಬರ್ ಹುಡುಕಿ, ಫೋನ್ ಮಾಡಿ, ಅವನು ಬಸ್ಸಿನಲ್ಲಿ ನಿಂತುಕೊಂಡೇ ಆರಾರು ಅಂಕಿ ಓದಿ ಹೇಳಿದ, ಎಂಟು ಸಲ. ಐದನೇ ಗುಂಪಿನಲ್ಲಿ ಒಂದು ಅಂಕಿ ತಪ್ಪಾಗಿ ಮತ್ತೆ ಕೇಳಬೇಕಾಯಿತು. ಪರದೆ ತೆರೆದಾಗ ನನ್ನ ಕೈ ನಡುಗುತ್ತಿತ್ತು. ಅವನಿಗೆ ಅಕೌಂಟ್ ಪಾಸ್‌ವರ್ಡ್ ನೆನಪಿಲ್ಲದೆ ಇದ್ದಿದ್ದರೆ ಏನು ಮಾಡುತ್ತಿದ್ದೆನೋ. ಇಂದು ಪ್ರೆಸ್‌ನ ಹೆಸರಿನಲ್ಲೇ ಅಕೌಂಟ್ ಇದೆ. ಪ್ರತಿ ಕೀ ಕಾಗದದ ಮೇಲೆ ಪ್ರಿಂಟ್ ಆಗಿ ತಿಜೋರಿಯಲ್ಲಿದೆ.

ಐದನೇ ಕಂಪ್ಯೂಟರನ್ನು ಮುಟ್ಟಲಿಲ್ಲ. ಅದರಲ್ಲಿ 32 ಬಿಟ್ ವಿಂಡೋಸ್ 10 ಇದೆ, ವಿಂಡೋಸ್‌ಗಿಂತ ಹಳೇ ಡಾಸ್ ವ್ಯವಸ್ಥೆಗೆ ಅಪ್ಪ ಫಾಕ್ಸ್‌ಪ್ರೊದಲ್ಲಿ ಬರೆಸಿದ ಲೆಕ್ಕದ ಪ್ರೋಗ್ರಾಂ ಇದೆ. ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ, ಅದರಲ್ಲಿ ಡಾಸ್ ಪ್ರೋಗ್ರಾಂ ನೇರವಾಗಿ ಓಡುವುದಿಲ್ಲ. ಈಗ ಅದರ ನೆಟ್‌ವರ್ಕ್ ಕೇಬಲ್ ಕಿತ್ತಿಟ್ಟಿದ್ದೇವೆ. ಹಳೇ ಗಿರಾಕಿಗಳ ಬಾಕಿ ನೋಡಲು ಮಾತ್ರ ಅದು.

ಒಳ್ಳೆಯದನ್ನೂ ಹೇಳಬೇಕು. ಈ ಒಂದು ವರ್ಷದಲ್ಲಿ ಹ್ಯಾಂಗ್ ಆಗಿದ್ದು ಬಹಳ ಕಡಿಮೆ. ಎರಡು ಸ್ಕ್ರೀನ್ ಇಟ್ಟು ಕೆಲಸ ಮಾಡುವವರಿಗೆ ಕಿಟಕಿಗಳನ್ನು ಜೋಡಿಸುವ ವ್ಯವಸ್ಥೆ ನಿಜವಾಗಿ ಅನುಕೂಲ. ಫೋಲ್ಡರ್‌ಗಳಿಗೆ ಟ್ಯಾಬ್ ಬಂದಿದ್ದು ನಮ್ಮ ಹುಡುಗರಿಗೆ ತುಂಬಾ ಇಷ್ಟ. ಟಾಸ್ಕ್‌ಬಾರ್ ಮಾತ್ರ ನನಗೆ ಇನ್ನೂ ಒಗ್ಗಿಲ್ಲ.

ಹೊಸ ಅಪ್‌ಡೇಟ್ ಬಂದ ದಿನವೇ ಹಾಕಿಕೊಳ್ಳುವುದನ್ನೂ ಬಿಟ್ಟಿದ್ದೇನೆ. 2018ರ ಅಕ್ಟೋಬರ್‌ನಲ್ಲಿ ವಿಂಡೋಸ್ 10ರ ದೊಡ್ಡ ಅಪ್‌ಡೇಟ್ ಕೆಲವರ ಫೈಲ್‌ಗಳನ್ನೇ ಅಳಿಸಿತ್ತು. ನಾಲ್ಕೇ ದಿನಕ್ಕೆ ಅದನ್ನು ನಿಲ್ಲಿಸಿ, ನವೆಂಬರ್‌ನಲ್ಲಿ ಸರಿಮಾಡಿ ಮತ್ತೆ ಬಿಟ್ಟರು. 2021ರ ಮಾರ್ಚ್‌ನ ಅಪ್‌ಡೇಟ್ ಹಾಕಿದವರಲ್ಲಿ ಕೆಲವರಿಗೆ ಪ್ರಿಂಟ್ ಕೊಟ್ಟ ಕೂಡಲೇ ನೀಲಿ ಪರದೆ ಬರುತ್ತಿತ್ತು. ಪ್ರಿಂಟ್ ಮಾಡುವುದೇ ನಮ್ಮ ಹೊಟ್ಟೆಪಾಡು. ಹಾಗಂತ ಅಪ್‌ಡೇಟ್ ನಿಲ್ಲಿಸಿಲ್ಲ. ತಿಂಗಳ ಅಪ್‌ಡೇಟ್ ಮೊದಲು ಒಂದು ಕಂಪ್ಯೂಟರ್‌ಗೆ ಹೋಗುತ್ತದೆ, ಒಂದು ವಾರ ಬಿಟ್ಟು ಉಳಿದವಕ್ಕೆ.

ಸಮಯ ಬೇಕು ಅನ್ನುವ ವ್ಯಾಪಾರದವರಿಗೆ ವಿಂಡೋಸ್ 10ರ ವಿಸ್ತರಿತ ಸೆಕ್ಯುರಿಟಿ ಅಪ್‌ಡೇಟ್ ದುಡ್ಡಿಗೆ ಸಿಗುತ್ತದೆ. ಮೊದಲ ವರ್ಷ ಒಂದು ಕಂಪ್ಯೂಟರ್‌ಗೆ 61 ಡಾಲರ್, ಪ್ರತಿ ವರ್ಷ ಎರಡು ಪಟ್ಟು, ಹೆಚ್ಚೆಂದರೆ ಮೂರು ವರ್ಷ. ದುಬಾರಿಯೇ. ಆದರೂ ತಯಾರಿ ಇಲ್ಲದೆ ಲಗ್ನದ ದಿನಗಳಲ್ಲಿ ಹಾರುವುದಕ್ಕಿಂತ ಒಂದು ವರ್ಷದ ದುಡ್ಡು ಕಟ್ಟುವುದು ಮೇಲು ಅಂತ ನನಗೆ ಅನ್ನಿಸುತ್ತದೆ.

ಪಕ್ಕದ ಬೀದಿಯ ಬೈಂಡಿಂಗ್‌ನವರು ಮೊನ್ನೆ ಬಂದು 'ನಾವೂ ಹಾಕಿಸೋಣ ಅಂತ ಇದೀವಿ, ಯಾವಾಗ ಮಾಡೋಣ?' ಅಂತ ಕೇಳಿದರು. ಆಷಾಢದಲ್ಲಿ ಅಂದೆ. ಆಗ ಲಗ್ನ ಇರುವುದಿಲ್ಲ, ಮಷಿನ್ ಖಾಲಿ ಇರುತ್ತದೆ. ಅಷ್ಟರೊಳಗೆ ಒಂದು ಕಂಪ್ಯೂಟರ್‌ಗೆ ಮಾತ್ರ ಹಾಕಿ, ಹಳೇ ಹತ್ತು ಕೆಲಸ ಅದರಲ್ಲಿ ತೆರೆದು ನೋಡಿ, ಪ್ರಿಂಟ್ ತೆಗೆದು ಹಳೇ ಕಾಪಿಯ ಪಕ್ಕ ಇಟ್ಟು ನೋಡಿ ಅಂದೆ. ತುಂಗಾ ಮತ್ತು ನುಡಿ ಫಾಂಟ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಟ್ಟು ಕಳಿಸಿದ್ದೇನೆ.